ಕಸಬರಿಗೆಯ ಪಾಳಿ

ನಮ್ಮ ಸಂಸ್ಥೆಯ ಮೊದಲ ಶಿಬಿರದ ಬ್ಯಾನರಿನ ಮೇಲೆ ‘ಯುವ ನಾಯಕತ್ವ ಮತ್ತು ಸಮುದಾಯ ಸೇವೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಬರೆಸಿದವರು ಬೆಂಗಳೂರಿನ ಕಚೇರಿಯವರು, ಕಟ್ಟಿದವಳು ನಾನು. ಕಟ್ಟುವಾಗ ನನಗೂ ಏನೂ ಹೊಳೆಯಲಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ, ಈ ಮೂರೂ ಕಡೆ ನಾಯಕ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಒಂದು ಜಾತಿ. ಸಮುದಾಯ ಎಂಬುದು ಜಾತಿಯನ್ನು ಮರ್ಯಾದೆಯಿಂದ ಕೇಳುವಾಗ ಬಳಸುವ ಮಾತು. ಹೀಗಾಗಿ ಬ್ಯಾನರು ಓದಿದವರೆಲ್ಲ, ನಾಯಕರ ಮಂದಿಗೆ ಯಾರೋ ಏನೋ ಸೇವೆ ಮಾಡಲು ಬಂದಿದ್ದಾರೆ ಎಂದುಕೊಂಡರು. ಸಂಡೂರಿನಲ್ಲಿ ನಾಯಕರ ಮನೆಗಳ ಹುಡುಗರು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಹಿಂಡಾಗಿ ಬಂದು ಕೂತರು. ಹೊಸಪೇಟೆಯ ಕಾಲುವೆ ದಂಡೆಯ ಕೇರಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳಲು ನಾನೇ ಹೋದೆ. ಕೇರಿಯ ಬಾಯಲ್ಲಿ ಒಬ್ಬ ಮುದುಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹೆಸರು ಯಂಕಮ್ಮ. ನನ್ನ ಮಾತು ಪೂರಾ ಕೇಳಿ, ಕೈ ಮಾಡಿ ದಾರಿ ತೋರಿಸಿದಳು.

“ನಾವು ನಾಯಕ್ರಲ್ಲಬೇ ತಾಯಿ. ಅವ್ರ ಓಣಿ ಆ ಕಡಿ ಐತಿ. ಸೀದಾ ಹೋಗಿ ಎಡಕ ಹೊಳ್ಳು.”

ನಾಯಕ ಎಂದರೆ ಜಾತಿಯಲ್ಲ, ಎಲ್ಲರಿಗಿಂತ ಮುಂದೆ ನಡೆಯುವವನು ಎಂದು ನಾನು ಬಿಡಿಸಿ ಹೇಳಿದೆ. ಮುದುಕಿ ಎಲೆ ಬಾಯಿಗಿಟ್ಟುಕೊಂಡು ಯೋಚಿಸಿದಳು. “ಮುಂದ ನಡ್ಯೋರು ಬೇಕಂದ್ರ ಇಲ್ಲಿಗ್ಯಾಕ ಬಂದಿ?” ಎಂದಳು.

ಅಂತೂ ಆ ವರ್ಷದ ಶಿಬಿರ ಮುಗಿಯಿತು. ಬಂದ ಮಕ್ಕಳಿಗೆಲ್ಲ ‘ನಾಯಕತ್ವ ಪ್ರಮಾಣಪತ್ರ’ ಕೊಟ್ಟೆವು. ಕೆಲವು ದಿನ ಕಳೆದ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಫೋನ್ ಮಾಡಿ, ಜಾತಿ ಸರ್ಟಿಫಿಕೇಟನ್ನು ಈಗ ನೀವೇ ಕೊಡಲು ಶುರು ಮಾಡಿದ್ದೀರೇನು ಮೇಡಂ ಎಂದು ನಕ್ಕರು. ಕಂಪ್ಲಿಯ ಕಡೆ ಕಬ್ಬು ಕಡಿಯಲು ಹೋಗುವ ತಾಯಿಯೊಬ್ಬಳು ಮಗನ ಪ್ರಮಾಣಪತ್ರವನ್ನು ಅವರ ಕಚೇರಿಗೆ ಒಯ್ದು, ಜಾತಿ ಸರ್ಟಿಫಿಕೇಟಿನಲ್ಲಿ ಇವನನ್ನು ನಾಯಕ ಎಂದು ಬರೆದುಕೊಡಿ ಎಂದು ಕೂತಿದ್ದಳಂತೆ. ನಾನು ಹೋಗಿ ಅವಳನ್ನು ಎಬ್ಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಆಕೆ ಕಾಗದದ ಮೇಲಿನ ಮುದ್ರೆ ತೋರಿಸಿ ಒಂದೇ ಮಾತು ಕೇಳಿದಳು: “ಗೋಲ್ ಸಿಕ್ಕಾ ಐತಿ, ಸಹಿ ಐತಿ, ನಾಯಕ ಅಂತ ಬರದೈತಿ. ಮತ್ತ್ಯಾಕ ನಡ್ಯಾಂಗಿಲ್ರಿ ಇದು?”

ಆಗ ನಾವು ಕಚೇರಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ಕೊಡುವ ಕಾಗದ ಯಾವುದಕ್ಕೆ ನಡೆಯುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ನಗು ಬರಲಿಲ್ಲ.

ನಾಯಕತ್ವ ಶಬ್ದವನ್ನು ಬ್ಯಾನರಿನಿಂದ ತೆಗೆಸಿ ಲೀಡರ್ ಎಂದು ಹಾಕಿಸಿದೆವು. ಲೀಡರ್ ಎಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಫೋನು ಎಂದು ಎಲ್ಲರಿಗೂ ಗೊತ್ತಿತ್ತು. ತಕರಾರು ಬರಲಿಲ್ಲ.

ಈಗ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ಟಿ.ಬಿ. ಡ್ಯಾಂ ಹತ್ತಿರದ ನನ್ನ ಮನೆಗೆ ಬರುತ್ತಾರೆ. ಬಡವರ ಮನೆಯ ಹದಿಹರೆಯದವರ ಜೊತೆ ಹೇಗೆ ಕೆಲಸ ಮಾಡಬೇಕು, ಹೇಳಿಕೊಡಿ ಅಕ್ಕಾರ ಎಂದು ಕೇಳುತ್ತಾರೆ. ಅವರಲ್ಲಿ ಹೊಳೆಯುವ ಕಣ್ಣುಗಳಿವೆ, ದೊಡ್ಡ ದೊಡ್ಡ ಫೋನುಗಳಿವೆ. ನನಗೆ ಗೊತ್ತಿರುವ ವಿದ್ಯೆ ನನ್ನ ಅಜ್ಜಿ ಕಲಿಸಿದ್ದು ಮಾತ್ರ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಕೆಲಸದ ಮಾತು ತೆಗೆಯಬಾರದು, ಮೊದಲು ಕೂರಬೇಕು, ಮನೆಯ ದನ, ಕರು, ಮುದುಕರ ಮೊಣಕಾಲು ಎಲ್ಲ ವಿಚಾರಿಸಿ ಆಮೇಲೆ ಬಂದ ಕಾರಣ ಹೇಳಬೇಕು ಎನ್ನುತ್ತಿದ್ದಳು. ಮೂರು ಊರುಗಳ ಕೇರಿಗಳನ್ನು ನಾನು ಸುತ್ತಿದ್ದು ಅಷ್ಟು ಬಂಡವಾಳದಲ್ಲೇ. ನನ್ನ ಶಿಬಿರದ ಮಕ್ಕಳಿಗೂ ಅದನ್ನೇ ಕಲಿಸಿದೆ. ಅದನ್ನು ಕಲಿಸಬೇಕಾಗಿತ್ತೋ ಇಲ್ಲವೋ ಎಂದು ಈಗ ಅನುಮಾನ.

ಕಾಲುವೆ ದಂಡೆಯ ಕೇರಿಯಿಂದ ಮೊದಲು ಬಂದವಳು ಗೌತಮಿ. ಯಂಕಮ್ಮನ ಮೊಮ್ಮಗಳು. ತಂದೆ ಮಾರೆಪ್ಪ ಗುತ್ತಿಗೆದಾರರ ಕೈಕೆಳಗೆ ಊರಿನ ರಸ್ತೆ ಗುಡಿಸುವವನು. ಅವನ ತಂದೆಯೂ ಅದೇ, ತಂದೆಯ ತಂದೆಯೂ ಅದೇ. ಮಾರೆಪ್ಪ ಬೌದ್ಧನಾಗಿದ್ದ. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಒಂದು ನೀಲಿ ಬಲ್ಬು. ಯಂಕಮ್ಮ ಮಾತ್ರ ಒಲೆಯ ಮಗ್ಗುಲಿನ ಗೂಡಿನಲ್ಲಿ ತನ್ನ ಹುಲಿಗೆಮ್ಮನನ್ನು ಬಿಟ್ಟುಕೊಟ್ಟಿರಲಿಲ್ಲ. ಆ ಬುದ್ಧ ಕಣ್ಣು ಮುಚ್ಚಿಕೊಂಡು ಕೂತಾನ, ಕಣ್ಣು ಬಿಟ್ಟು ನೋಡೋರು ಒಬ್ಬರಾದ್ರೂ ಮನೆಯಾಗ ಬೇಕಲ್ಲ ಎನ್ನುತ್ತಿದ್ದಳು.

ಮಗಳನ್ನು ಕಳಿಸುವ ಮುಂಚೆ ಮಾರೆಪ್ಪ ನಮ್ಮ ಕಚೇರಿಗೆ ಬಂದ. ಕೆಲಸ ಮುಗಿಸಿ, ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಬಂದಿದ್ದ. ಎಷ್ಟು ಹೇಳಿದರೂ ಕೂರಲಿಲ್ಲ. ನಮ್ಮ ಜೀಪಿನ ಡ್ರೈವರ್ ಖಾಜಾ ಕುರ್ಚಿಯನ್ನು ಅವನ ಹಿಂದಕ್ಕೆ ತಳ್ಳಿ, “ಕುಂದ್ರಪಾ ಮಾರೆಪ್ಪ, ಕುರ್ಚಿಗೇನು ಹಲ್ಲಿಲ್ಲ” ಎಂದ ಮೇಲೆ ಅಂಚಿನಲ್ಲಿ ಕೂತ.

“ಹುಡುಗಿನ್ನ ಕಳಸ್ತೀನ್ರಿ ಅಕ್ಕಾರ. ಮಾತಾಡೋದು ಕಲಸ್ರಿ. ಮೈಕ್ ಹಿಡಿಯೋದು ಕಲಸ್ರಿ. ಅಕಿ ಕೈಯಾಗ ಕಸಬರಿಗಿ ಒಂದು ಕೊಡಬ್ಯಾಡ್ರಿ.” ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. “‘ನಿಮ್ಮ ಮಂದಿಗೆ ಅದು ರಕ್ತದಾಗ ಬಂದೈತಿ’ ಅಂತ ನಮಗ ಅಂತಾರ್ರಿ. ಅಕಿ ಒಬ್ಬಾಕಿ ಹಿಡೀಲಿಲ್ಲಂದ್ರ ಆ ಮಾತು ಸುಳ್ಳಾಗತೈತಿ. ಅಷ್ಟ ನನ್ನ ಆಸಿ.”

ಕೊಡುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ನಮ್ಮ ಕಾರ್ಯಕ್ರಮದ ಪಠ್ಯದಲ್ಲಿ ಸೇವೆ ಎಂದರೆ ಏನೇನೋ ಇತ್ತು. ನೆಲಕ್ಕಿಳಿದಾಗ ಅದು ಒಂದೇ ಆಗುತ್ತಿತ್ತು: ಕಸ ಗುಡಿಸುವುದು. ಗುಡಿಸುವುದು ಬಂದವರಿಗೆ ಕಾಣುತ್ತದೆ, ಬೇಗ ಮುಗಿಯುತ್ತದೆ, ಯಾರ ವಿರೋಧವೂ ಇರುವುದಿಲ್ಲ. ಗೌತಮಿ ಬಂದ ವರ್ಷ ಮೊದಲ ಸೇವೆ ಹಂಪಿಯ ನದಿಯ ಮೆಟ್ಟಿಲುಗಳ ಮೇಲೆ. ಮೂರೂ ಊರಿನ ಮಕ್ಕಳು ಸೇರಿದ್ದರು. ಸ್ನಾನಕ್ಕೆ ಬಂದವರು ಬಿಟ್ಟುಹೋದ ಬಟ್ಟೆ, ಹೂವು, ಶಾಂಪೂ ಚೀಟಿ, ತಟ್ಟೆ, ಎಲ್ಲ ರಾಶಿ ಬಿದ್ದಿತ್ತು. ಖಾಜಾ ಜೀಪಿನಿಂದ ಕಸಬರಿಗೆ, ಬುಟ್ಟಿ, ಬ್ಯಾನರು, ಮೈಕು, ಕ್ಯಾಮೆರಾ ಎಲ್ಲವನ್ನೂ ಒಂದು ಬಂಡೆಯ ಮೇಲೆ ಇಳಿಸಿದ. ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ಗೌತಮಿಗೆ ಮಾತ್ರ, ಅವಳ ತಂದೆಯ ಮಾತು ನೆನಪಿದ್ದುದರಿಂದ, ನೀನು ಬಂದವರ ಹೆಸರು ಕೂಗು ಎಂದೆ.

ಅಲ್ಲಿದ್ದವರೆಲ್ಲ ಬಡವರ ಮಕ್ಕಳೇ. ಎಲ್ಲರ ಚಪ್ಪಲಿಯೂ ಸವೆದದ್ದೇ. ಗಣಿಯಲ್ಲಿ ಕಲ್ಲು ಒಡೆಯುವವರ ಮಕ್ಕಳು, ಕಬ್ಬಿನ ಗದ್ದೆಯ ಆಳುಗಳ ಮಕ್ಕಳು, ಹಮಾಲರ ಮಕ್ಕಳು. ಹಾಗಿದ್ದೂ ನಾವು ಚಹಾ ಕುಡಿದು ತಿರುಗಿ ನೋಡುವಷ್ಟರಲ್ಲಿ ಹಂಚಿಕೆ ಮುಗಿದಿತ್ತು. ಬ್ಯಾನರು ಕಂಪ್ಲಿಯ ಇಬ್ಬರು ಹುಡುಗರ ಕೈಯಲ್ಲಿ. ಮೈಕು ಸಂಡೂರಿನ ತಿಪ್ಪೇಶನ ಕೈಯಲ್ಲಿ. ಕ್ಯಾಮೆರಾ ಅವನ ಗೆಳೆಯನ ಕೈಯಲ್ಲಿ. ಕಸಬರಿಗೆಗಳೆಲ್ಲ ಕಾಲುವೆ ದಂಡೆಯ ಕೇರಿಯ ಮಕ್ಕಳ ಕೈಗೆ ಬಂದಿದ್ದವು. ಯಾರೂ ಯಾರಿಗೂ ಹೇಳಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ನೀರು ಇಳಿಜಾರು ಹುಡುಕಿಕೊಂಡಂತೆ ಅವು ಅಲ್ಲಿಗೆ ಹೋಗಿದ್ದವು.

ವಾಪಸು ಬರುವಾಗ ಜೀಪಿನಲ್ಲಿ ಹಾಡು, ಗಲಾಟೆ. ಗೌತಮಿ ನನ್ನ ಪಕ್ಕ ಕೂತಿದ್ದಳು. ಕಮಲಾಪುರ ದಾಟಿದ ಮೇಲೆ ಮೆಲ್ಲಗೆ ಕೇಳಿದಳು.

“ಅಕ್ಕಾರ, ಇವತ್ತ ಕಸಬರಿಗಿ ಯಾರು ಹಂಚಿದ್ರಿ?”

“ಯಾರೂ ಹಂಚಲಿಲ್ಲಲ್ಲಬೇ.”

“ಅದನ್ನ ಕೇಳಾಕತ್ತೀನ್ರಿ.”

ಖಾಜಾ ತಾನು ಗುನುಗುತ್ತಿದ್ದುದನ್ನು ನಿಲ್ಲಿಸಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

ಮುಂದಿನ ಸಭೆಯಲ್ಲಿ ಅವಳೇ ಎದ್ದು ನಿಂತಳು. ಅವಳ ಸೋದರಮಾವ ಕುರೆಕುಪ್ಪದಲ್ಲಿದ್ದ, ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ. ಅವನ ಮನೆಗೆ ಹೋದಾಗಲೆಲ್ಲ ಅವಳು ನೋಡುತ್ತಿದ್ದ ಒಂದು ಪದ್ಧತಿಯನ್ನು ಎಲ್ಲರೆದುರು ಹೇಳಿದಳು. “ನಮ್ಮ ಮಾವ ಪಾಳಿ ಮ್ಯಾಲೆ ಕೆಲಸಕ್ಕ ಹೊಕ್ಕಾನ್ರಿ. ಒಂದು ವಾರ ಮುಂಜಾನಿ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ರಾತ್ರಿ ಪಾಳಿ ಯಾರಿಗೂ ಬ್ಯಾಡ. ಆದ್ರ ಎಲ್ಲಾರಿಗೂ ಬರ್ತೈತಿ, ಹಂಗಾಗಿ ಯಾರೂ ಜಗಳ ತಗ್ಯಾಂಗಿಲ್ಲ. ಕಸಬರಿಗಿಗೂ ಹಂಗ ಪಾಳಿ ಹಚ್ಚ್ರಿ. ಮೈಕಿಗೂ ಹಚ್ಚ್ರಿ.”

ತಿಪ್ಪೇಶ ಹಿಂದಿನಿಂದ ಕೂಗಿದ. ಮಾತಿನಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. “ಅಂದ್ರ ನಾನೂ ಹಿಡೀಬೇಕಂತೀಯೇನಲೇ?”

“ಯಾಕ, ನಿನ್ನ ಕೈಗೆ ಮದರಂಗಿ ಹಚ್ಚ್ಯಾರೇನು?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಿಪ್ಪೇಶನೂ ನಕ್ಕ. ಪಾಳಿ ಜಾರಿಗೆ ಬಂತು. ನನ್ನ ಇಡೀ ನೌಕರಿಯಲ್ಲಿ ಕೆಲಸದ ರೀತಿಯಲ್ಲಿ ಆದ ನಿಜವಾದ ಸುಧಾರಣೆ ಅದೊಂದೇ. ಅದು ಬೆಂಗಳೂರಿನಿಂದ ಬಂದದ್ದಲ್ಲ, ನನ್ನ ತಲೆಯಿಂದ ಹುಟ್ಟಿದ್ದೂ ಅಲ್ಲ.

ಆದರೆ ಪಾಳಿ ಎಂದ ಮೇಲೆ ಗೌತಮಿಯ ಸರದಿಯೂ ಬರಬೇಕಲ್ಲ. ನಿನ್ನನ್ನು ಬಿಟ್ಟು ಹಚ್ಚೋಣ, ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೇನೆ ಎಂದೆ. ತಾನೊಬ್ಬಳು ತಪ್ಪಿಸಿಕೊಂಡರೆ ಅದು ಪಾಳಿ ಹೇಗಾಗುತ್ತದೆ ಎಂದು ಅವಳು ಒಪ್ಪಲಿಲ್ಲ. ಇಬ್ಬರೂ ಅವಳ ಮನೆಗೆ ಹೋದೆವು. ಮಾರೆಪ್ಪ ಆಗಷ್ಟೇ ಕೆಲಸದಿಂದ ಬಂದು ಬಾಗಿಲಲ್ಲಿ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದ. ಅವನು ಕೈ ತೊಳೆಯುವುದನ್ನು ನೋಡಬೇಕು. ಒಂದೊಂದೇ ಬೆರಳು, ಉಗುರು, ಮೊಣಕೈವರೆಗೂ. ಗೌತಮಿ ಎಲ್ಲವನ್ನೂ ಹೇಳಿದಳು. ಅವನು ತೊಳೆದ ಕೈಯನ್ನೇ ಮತ್ತೆ ತೊಳೆದ.

“ಆ ಸಂಡೂರಿನ ಹುಡುಗನೂ ಹಿಡಿತಾನೇನು?” ಎಂದು ಕೇಳಿದ.

ಹಿಡಿಯುತ್ತಾನೆ ಎಂದಳು ಗೌತಮಿ.

“ಹಂಗಾರ ನಿನ್ನ ಪಾಳಿ ಬಂದಾಗ ಹಿಡಿ. ಪಾಳಿ ಮುಗಿದ ಮ್ಯಾಲೆ ಕೆಳಗಿಡಬೇಕು. ತಿಳೀತಿಲ್ಲೋ? ಕೆಳಗಿಡಬೇಕು.”

ಆಮೇಲಿನ ಎರಡು ಮೂರು ವರ್ಷ ನನ್ನ ಜೀವನದ ಒಳ್ಳೆಯ ಕಾಲ. ಪಾಳಿಯ ಪ್ರಕಾರ ತಿಪ್ಪೇಶನ ಗುಂಪು ಕಾಲುವೆ ದಂಡೆಯ ಕೇರಿಯನ್ನು ಗುಡಿಸಲು ಬಂತು. ತಿಪ್ಪೇಶ ಯಂಕಮ್ಮನ ಮನೆಯ ಮುಂದೆ ಬಗ್ಗಿ ಒಂದು ಬೀಸು ಎಳೆದಿದ್ದೇ ತಡ, ಮುದುಕಿ ಓಡಿಬಂದು ಕಸಬರಿಗೆ ಕಿತ್ತುಕೊಂಡಳು. ಬೈಯಲು ಅಲ್ಲ, ಹೆದರಿಕೆಗೆ. ದೊಡ್ಡ ಮಂದಿಯ ಹುಡುಗನ ಕೈಯಲ್ಲಿ ನಮ್ಮ ಕಸ ಗುಡಿಸಿಸಿದರೆ ನಾಳೆ ಯಾರು ಬಂದು ಏನು ಕೇಳುತ್ತಾರೋ ಎಂದು. ತಿಪ್ಪೇಶ ಕೊಡು ಎನ್ನುತ್ತಾನೆ, ಇವಳು ಒಲ್ಲೆ ಎನ್ನುತ್ತಾಳೆ. ಇಬ್ಬರೂ ಆ ಕಡೆ ಈ ಕಡೆ ಎಳೆದಾಡಿ ಕಡ್ಡಿಯೆಲ್ಲ ಉದುರಿಹೋಯಿತು. ಕೊನೆಗೆ ತಿಪ್ಪೇಶ, “ಆಯಿ, ನಮ್ಮಪ್ಪ ಗಣ್ಯಾಗ ಕೆಮ್ಮಣ್ಣು ಹೊರ್ತಾನ. ನಾವ್ಯಾವ ದೊಡ್ಡ ಮಂದಿ? ಬಿಡಬೇ” ಎಂದ. ಮುದುಕಿ ಬಿಟ್ಟಳು. ಅವನು ಗುಡಿಸಿದ. ಕೇರಿಯ ಜನ ಬಾಗಿಲಲ್ಲಿ ನಿಂತು, ನೋಡಬಾರದ್ದನ್ನು ನೋಡುವವರಂತೆ ನೋಡಿದರು. ಮಾರೆಪ್ಪ ಮನೆಯೊಳಗಿದ್ದ, ಕಿಟಕಿಯ ಸಂದಿಯಿಂದ ನೋಡಿದ್ದನ್ನು ನಾನು ಕಂಡೆ.

ಆ ಕಾಲದಲ್ಲಿ ಗುಡಿಸುವುದು ಬಿಟ್ಟು ಬೇರೆ ಕೆಲಸಕ್ಕೂ ಮಕ್ಕಳು ಕೈ ಹಾಕಿದರು. ಗೌತಮಿಯ ಮುಂದಾಳ್ತನದಲ್ಲಿ ಕೇರಿಯ ಹೆಂಗಸರೆಲ್ಲ ನಗರಸಭೆಗೆ ಹೋಗಿ, ಅಲ್ಲಿನ ಸಾಹೇಬರ ಮುಂದೆ ಕೂತು, ಒಡೆದ ನಲ್ಲಿಯ ಪೈಪು ಹಾಕಿಸಿಕೊಂಡು ಬಂದರು. ಹೇಗೆ ಸಾಧಿಸಿದೆ ಎಂದು ಕೇಳಿದರೆ, ನೀವು ಹೇಳಿದಂಗ ಮೊದಲು ಕುಂತೆವ್ರಿ, ಎದ್ದು ಹೋಗ್ರಿ ಅಂದ್ರೂ ಕುಂತಿದ್ದೆವ್ರಿ ಎಂದಳು. ಕೇರಿಯ ಹಳೆಯ ಕೋಣೆಯೊಂದಕ್ಕೆ ಸಂಸ್ಥೆಯಿಂದ ದೀಪ, ಫ್ಯಾನು ಹಾಕಿಸಿ ಓದುವ ಕೋಣೆ ಮಾಡಿದೆವು. ಸಂಜೆ ಅಲ್ಲಿ ಮಕ್ಕಳು ಪರೀಕ್ಷೆಗೆ ಓದುತ್ತಿದ್ದರು. ಗೌತಮಿ ಪಿಯುಸಿಗೆ ಓದಿದ್ದು ಅಲ್ಲೇ. ಡಿಗ್ರಿ ಮಾಡಿ ಹೈಸ್ಕೂಲು ಟೀಚರ್ ಆಗಬೇಕು ಎನ್ನುತ್ತಿದ್ದಳು.

ಪಾಳಿಯನ್ನು ಯಾರಾದರೂ ನಿಲ್ಲಿಸಿದ್ದರೆ ನಾನು ಅವರ ಜೊತೆ ಜಗಳವಾಡಬಹುದಿತ್ತು. ಯಾರೂ ನಿಲ್ಲಿಸಲಿಲ್ಲ. ಮೊದಲು ಕಂಪ್ಲಿಯ ಒಬ್ಬ ತಂದೆ, ನಮ್ಮ ಹುಡುಗನ ಕೈಯಲ್ಲಿ ಅದನ್ನು ಹಿಡಿಸಿದಿರಂತೆ ಎಂದು ಮಗನನ್ನು ಬಿಡಿಸಿದ. ಆಮೇಲೆ ಸಂಡೂರಿನ ಎರಡು ಮನೆಯವರು. ಯಾರೂ ಬಾಯಿ ಬಿಟ್ಟು ಜಾತಿಯ ಮಾತಾಡಲಿಲ್ಲ. ಟ್ಯೂಷನ್ ಇದೆ ಎಂದರು, ಮನೆಯಲ್ಲಿ ಕೆಲಸ ಎಂದರು, ಬಿಸಿಲಿಗೆ ಆಗುವುದಿಲ್ಲ ಎಂದರು. ನಾನು ಮನೆ ಮನೆಗೆ ಹೋಗಿ ಕೂತೆ, ಚಹಾ ಕುಡಿದೆ, ಮುದುಕರ ಮೊಣಕಾಲು ವಿಚಾರಿಸಿದೆ. ಅಜ್ಜಿಯ ವಿದ್ಯೆ ಅಲ್ಲಿ ನಡೆಯಲಿಲ್ಲ.

ನಮ್ಮ ಮುಖ್ಯಸ್ಥರು ಬೆಂಗಳೂರಿನಿಂದ ಬಂದರು. ಒಳ್ಳೆಯ ಮನುಷ್ಯ, ಕೆಟ್ಟವರೆಂದು ಬರೆದರೆ ನನ್ನ ಕೈ ಸೇದಿಹೋದೀತು. ಪ್ರತಿ ಮಗುವಿನ ಹೆಸರನ್ನೂ ಕೇಳುತ್ತಿದ್ದರು, ಆಮೇಲೆ ಎಲ್ಲರನ್ನೂ ಚಾಂಪಿಯನ್ ಎಂದೇ ಕರೆಯುತ್ತಿದ್ದರು. ಪಾಳಿಯ ಕಥೆ ಕೇಳಿ ಕಣ್ಣು ಒದ್ದೆ ಮಾಡಿಕೊಂಡರು, ಯಾವುದೋ ದೊಡ್ಡ ಸಭೆಯಲ್ಲಿ ಅದನ್ನು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದರಂತೆ. ಆದರೆ ಮಕ್ಕಳ ಸಂಖ್ಯೆ ಇಳಿಯುತ್ತಿದೆಯಲ್ಲ ಎಂದರು. ಅದೇ ವರ್ಷ ಫೋನಿನಲ್ಲಿ ಹೊಸ ಆ್ಯಪ್ ಬಂತು. ಸೇವೆ ಮಾಡುವ ಮೊದಲು ಒಂದು ಫೋಟೊ, ಮಾಡಿದ ಮೇಲೆ ಒಂದು ಫೋಟೊ. ಎರಡರಲ್ಲೂ ವ್ಯತ್ಯಾಸ ಕಂಡರೆ ಸೇವೆ ಆಯಿತೆಂದು ಲೆಕ್ಕ.

ಕಸದ ರಾಶಿಯ ಫೋಟೊ, ರಾಶಿ ಇಲ್ಲದ ಫೋಟೊ, ವ್ಯತ್ಯಾಸ ಕಾಣುತ್ತದೆ. ಗೌತಮಿಯ ಗುಂಪು ಸಾಹೇಬರ ಬಳಿ ಹೋಗಿ ಬೀದಿದೀಪ ಕೇಳಿದ ದಿನ ಮೊದಲ ಫೋಟೊದಲ್ಲಿ ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಎರಡನೆಯ ಫೋಟೊದಲ್ಲೂ ಕೂತಿದ್ದರು. ಆ್ಯಪ್ ಒಪ್ಪಲಿಲ್ಲ. ನಡುವೆ ಯಾರಾದರೂ ಎದ್ದು ನಿಂತಿದ್ದರೆ ಒಪ್ಪುತ್ತಿತ್ತೇನೋ ಎಂದು ಖಾಜಾ ನಗಿಸಿದ. ಯಾವ ಗುಂಪಿನ ಫೋಟೊ ಕಡಿಮೆಯೋ ಆ ಗುಂಪಿನ ಓದುವ ಕೋಣೆಗೆ ಹಣ ನಿಲ್ಲುತ್ತದೆ ಎಂದು ಬೆಂಗಳೂರಿನಿಂದ ಸೂಚನೆ ಬಂದಾಗ ನಗು ನಿಂತಿತು.

ಆ ಹೊತ್ತಿಗೆ ಗುಂಪಿನಲ್ಲಿ ಉಳಿದವರು ಹೆಚ್ಚು ಕಡಿಮೆ ಕೇರಿಯ ಮಕ್ಕಳೇ. ಪಾಳಿ ಯಾರ ಯಾರ ನಡುವೆ ಹಚ್ಚುವುದು? ಗೌತಮಿಯನ್ನು ನಾನು ಕರೆದು ಕೇಳಿದೆ, ಏನು ಮಾಡೋಣ ಎಂದು. ಓದುವ ಕೋಣೆಯ ಫ್ಯಾನು ತಿರುಗುತ್ತಿದ್ದುದನ್ನು ನೋಡುತ್ತಾ, “ಸಣ್ಣ ಹುಡುಗ್ರ ಪರೀಕ್ಷೆ ಮುಗಿಯೋ ಮಟ ಗುಡಿಸಿಬಿಡ್ತೀವ್ರಿ” ಎಂದಳು. ಮುಂದಿನ ವರ್ಷವೂ ಸಣ್ಣ ಹುಡುಗರಿದ್ದರು. ಅದರ ಮುಂದಿನ ವರ್ಷವೂ ಇದ್ದರು. ಕೇರಿಯ ಮಕ್ಕಳು ಚೊಕ್ಕವಾಗಿ, ಬೇಗ ಗುಡಿಸುತ್ತಾರೆ ಎಂದು ಆ್ಯಪ್‌ನಲ್ಲಿ ಅವರಿಗೇ ಮೊದಲ ಸ್ಥಾನ ಬಂತು. ಅದನ್ನು ಓದಿ ಹೇಳಿದ ದಿನ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ತಿಪ್ಪೇಶ ಅಷ್ಟರಲ್ಲಿ ನಮ್ಮನ್ನು ಬಿಟ್ಟು ಹೋಗಿದ್ದ. ಒಮ್ಮೆ ಹೊಸಪೇಟೆಯ ಬಸ್ ನಿಲ್ದಾಣದ ಮುಂದೆ ಸಿಕ್ಕಿದ. ಬಿಳಿ ಅಂಗಿ, ಎರಡು ಫೋನು. ಕಾಲಿಗೆ ಬಿದ್ದು ನಮಸ್ಕಾರ ಮಾಡಿದ. ಯಾರದೋ ಪರವಾಗಿ ಸಭೆಗಳಿಗೆ ಜನ ಕೂಡಿಸುವ ಕೆಲಸ ಮಾಡುತ್ತಿದ್ದ.

“ಎಲ್ಲಾ ನಿಮ್ಮ ಆಶೀರ್ವಾದ್ರಿ ಅಕ್ಕಾರ. ಮನಿಗೆ ಹೋಗು, ಮೊದಲು ಕುಂದ್ರು, ಮುದುಕ್ರ ಕಾಲು ಬ್ಯಾನಿ ಕೇಳು, ಆಮ್ಯಾಲ ಮಾತು ತೆಗಿ ಅಂತಿದ್ರಲ್ಲ? ಉಳದೋರು ಬಾಗಲದಾಗ ನಿಂತು ರೊಕ್ಕ ತೋರಿಸ್ತಾರ. ನಾನು ಒಳಗ ಹೋಗಿ ಕುಂದ್ರತೀನಿ. ಜಲ್ದಿ ಬಸ್ ತುಂಬತೈತಿ.”

ಅವನ ಮುಖದಲ್ಲಿ ಕೃತಜ್ಞತೆ ಬಿಟ್ಟು ಬೇರೇನೂ ಇರಲಿಲ್ಲ. ನನ್ನ ಅಜ್ಜಿ ಯಾರ್ಯಾರ ಮನೆಯ ಚಾಪೆಯ ಮೇಲೋ ಕೂತು ಕಲಿತದ್ದು ಕೊನೆಗೆ ಬಸ್ಸು ತುಂಬಲು ಬಂತು.

ಕಾರ್ಯಕ್ರಮ ನಿಂತದ್ದೂ ಜಗಳದಿಂದಲ್ಲ. ದುಡ್ಡು ಕೊಡುವವರ ಮನಸ್ಸು ಬೇರೆ ಕಡೆ ಹೊರಳಿತು, ಅಷ್ಟೇ. ಗಿಡ ನೆಡಲು ಹೋದರು ಎಂದು ಕೇಳಿದೆ. ಕೊನೆಯ ಸಮಾರಂಭದಲ್ಲಿ ಮಕ್ಕಳಿಗೆ ಗಟ್ಟಿ ಕಾಗದದ ಪ್ರಮಾಣಪತ್ರ ಕೊಟ್ಟರು. ಯಾವ ಮಗು ಯಾವ ಸೇವೆ ಹೆಚ್ಚು ಮಾಡಿದೆಯೋ ಅದನ್ನು ಆ್ಯಪೇ ತೆಗೆದು ಅಚ್ಚು ಹಾಕಿತ್ತು. ಗೌತಮಿಯದರಲ್ಲಿ ‘ಸ್ವಚ್ಛತಾ ಕಾರ್ಯದಲ್ಲಿ ವಿಶೇಷ ಅನುಭವ’ ಎಂದಿತ್ತು. ನಲ್ಲಿಯ ಪೈಪಿನ ಮಾತಿರಲಿಲ್ಲ. ಅವಳು ಓದಿ, ಕವರಿನೊಳಗೆ ಹಾಕಿ, ನನಗೆ ನಮಸ್ಕಾರ ಮಾಡಿ ಹೋದಳು. ಓದುವ ಕೋಣೆಯ ಫ್ಯಾನನ್ನು ಖಾಜಾ ಬಿಚ್ಚಿ ಜೀಪಿಗೆ ಹಾಕುವಾಗ ಸಣ್ಣ ಹುಡುಗರು ಸುತ್ತ ನಿಂತು, ರಿಪೇರಿಗೇನ್ರಿ ಎಂದು ಕೇಳಿದರು. ಹೌದು ಎಂದ ಖಾಜಾ. ನಾನು ನಿವೃತ್ತಳಾದೆ.

ನಿವೃತ್ತಿಯ ಮರುವರ್ಷ ತಿಪ್ಪೇಶ ಮನೆಗೆ ಬಂದ, ಪೇಡೆಯ ಡಬ್ಬಿ ಹಿಡಿದುಕೊಂಡು. ಊರಿನ ಕಸದ ಗುತ್ತಿಗೆ ಹೊಸಬರ ಕೈಗೆ ಬಂದಿದೆ, ನಾನೇ ಸೂಪರ್‌ವೈಸರ್ ಎಂದ. ಒಂದು ಒಳ್ಳೆಯ ಸುದ್ದಿ ಹೇಳಬೇಕೆಂದೇ ಬಂದಿದ್ದ. ಹೊಸ ಗುತ್ತಿಗೆಯಲ್ಲಿ ತರಬೇತಿ ಆದವರು ಬೇಕು ಎಂದಿದ್ದಾರೆ, ಅದಕ್ಕೆ ನಮ್ಮ ಗುಂಪಿನವರನ್ನೇ ಮೊದಲು ತೆಗೆದುಕೊಂಡೆ. ಸರ್ಟಿಫಿಕೇಟ್ ನೋಡಿದ ಕೂಡಲೇ ಸಾಹುಕಾರರು ಎರಡನೇ ಮಾತಾಡಲಿಲ್ಲ. ಇದನ್ನೆಲ್ಲ ಅವನು ಖುಷಿಯಿಂದ ಹೇಳಿದ. ಕಂಪ್ಲಿಯ ಆ ತಾಯಿ ನೆನಪಾದಳು. ಗೋಲ್ ಸಿಕ್ಕಾ, ಸಹಿ. ಈ ಸಲ ಕಾಗದ ನಡೆದಿತ್ತು.

“ಗೌತಮಿ?” ಎಂದೆ.

“ಅಕಿಗೇ ಮೊದಲು ಕೊಡಿಸೀನ್ರಿ ಅಕ್ಕಾರ. ಮಾರೆಪ್ಪಗ ಉಸಿರಾಡಾಕ ಆಗವಲ್ದು, ಹಾಸಿಗಿ ಹಿಡದಾನ. ಡಿಗ್ರಿ ಒಂದ ವರ್ಷ ಓದಿ ಬಿಟ್ಟಾಳ. ಮನಿ ನಡೀಬೇಕಲ್ಲ?” ನನ್ನ ಮುಖ ನೋಡಿ ಅವನಿಗೆ ಏನೋ ಸರಿಯಿಲ್ಲ ಎನಿಸಿತು. ಸಮಾಧಾನ ಮಾಡಲು ಇನ್ನೊಂದು ಮಾತು ಸೇರಿಸಿದ: “ಸುಮ್ನ ಗುಡಸಾಕ ಹಾಕಿಲ್ರಿ. ಅಕಿನ್ನ ಗ್ಯಾಂಗಿಗೆ ಲೀಡರ್ ಮಾಡೀನಿ.”

“ಮಾತಾಡೋ ಕೆಲಸ ಯಾವುದೂ ಸಿಗಲಿಲ್ಲೇನೋ ಅಕಿಗೆ?”

ತಿಪ್ಪೇಶ ಪೇಡೆಯ ಡಬ್ಬಿಯನ್ನು ನನ್ನ ಕಡೆ ಸರಿಸಿದ. ಆಮೇಲೆ ಕುಹಕವಿಲ್ಲದೆ, ನಿಜವಾಗಿಯೂ ಯೋಚಿಸಿದವನಂತೆ ಹೇಳಿದ: “ಅಕಿನ್ನ ಅದಕ ಯಾರು ಕರೀತಾರ್ರಿ?”

ಮಾರೆಪ್ಪನನ್ನು ನೋಡಲು ಹೋದೆ. ನೀಲಿ ಬಲ್ಬು ಉರಿಯುತ್ತಿತ್ತು. ಅವನು ಎದ್ದು ಕೂರಲು ನೋಡಿದ, ಆಗಲಿಲ್ಲ. “ಕುಂದ್ರಿ ಅಕ್ಕಾರ” ಎಂದ. ಬೈಯಲಿಲ್ಲ. ನಾನು ಕೊಟ್ಟ ಮಾತು ಏನಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ನಾನಾದರೂ ಅತ್ತು ಹಗುರಾಗುತ್ತಿದ್ದೆ. ಆಸ್ಪತ್ರೆಯ ಮಾತು, ಹವೆಯ ಮಾತು ಆಡಿ, ಗೋಡೆಯ ಕಡೆ ಹೊರಳಿದ. ಹೊರಗೆ ಬಂದಾಗ ಯಂಕಮ್ಮ ನನ್ನ ಕೈ ಹಿಡಿದುಕೊಂಡಳು.

“ಅಕಿ ಕೆಲಸಕ್ಕ ಹೋಗೋ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಮಲಗತಾನಬೇ. ಎಚ್ಚರ ಇರ್ತಾನ. ನನಗ ಗೊತ್ತಾಗತೈತಿ.”

ಹೊಸದಾಗಿ ಸೇರಿದ ಮಕ್ಕಳೇ, ನೀವು ಕೇಳಿದಾಗ ನಿಮಗೆ ಧೈರ್ಯ ಬರುವ ಮಾತು ಹೇಳಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಆ ಮಾತು ಹುಡುಕಿದರೆ ನನ್ನಲ್ಲಿಲ್ಲ. ಸೇವೆಯ ಸಾಮಾನು ಇಳಿಸಿದ ಮೇಲೆ ಚಹಾ ಕುಡಿಯಲು ಹೋಗಬೇಡಿ, ಅಲ್ಲೇ ನಿಂತು ನೋಡಿ, ಯಾವುದು ಯಾರ ಕೈಗೆ ಹೋಗುತ್ತದೆ ಎಂದು. ನೋಡಿದ ಮಾತ್ರಕ್ಕೆ ಏನಾದರೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಾನು ನೋಡಿದ್ದೆ.

ಹೋದ ತಿಂಗಳು ಬೆಳಿಗ್ಗೆ ಸಂಡೂರಿನ ಬಸ್ಸು ಹಿಡಿಯಲು ಹೊರಟಿದ್ದೆ. ಬಸ್ ನಿಲ್ದಾಣದ ರಸ್ತೆಯಲ್ಲಿ ಹೊಳೆಯುವ ಹಸಿರು ಜಾಕೀಟು ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಗುಡಿಸುತ್ತಿದ್ದರು. ಮುಂದಿದ್ದವಳು ಗೌತಮಿ. ಎಲ್ಲರಿಗಿಂತ ಮುಂದೆ. ಮುಖಕ್ಕೆ ಕಟ್ಟಿದ ದುಪಟ್ಟಾ ಇಳಿಸಿ ನಕ್ಕಳು, ಕೂರಲು ಜಾಗವಿಲ್ಲದ ರಸ್ತೆಯಲ್ಲೂ “ಬರ್ರಿ ಅಕ್ಕಾರ” ಎಂದಳು. ಅಪ್ಪನ ಆರೋಗ್ಯ ಕೇಳಿದೆ, ಅಜ್ಜಿಯ ಮೊಣಕಾಲು ಕೇಳಿದೆ. ಅವಳು ನನ್ನ ಕಣ್ಣಿನ ಆಪರೇಷನ್ ವಿಚಾರಿಸಿದಳು. ಇನ್ನು ಕೇಳಲು ಏನೂ ಉಳಿಯಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

“ಈ ವಾರ ಮುಂಜಾನಿ ಪಾಳಿ ಏನಬೇ?”

“ಹೂನ್ರಿ.”

“ಮುಂದಿನ ವಾರ?”

ಅವಳು ಕಸಬರಿಗೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡಳು. “ಇಲ್ಲಿ ಪಾಳಿ ಹೊಳ್ಳಂಗಿಲ್ರಿ ಅಕ್ಕಾರ. ದಿನಾ ನಂದ.”

ಹಿಂದಿನ ಸಾಲಿನವರು ನಿಂತಿದ್ದರು. ಅವಳು ದುಪಟ್ಟಾ ಮತ್ತೆ ಮುಖಕ್ಕೆ ಕಟ್ಟಿಕೊಂಡಳು. ಒಳಗಿನಿಂದ ಮಾತು ಬಂತು.

“ಚೂರು ಆ ಕಡಿ ನಿಂದ್ರಿ ಅಕ್ಕಾರ. ಧೂಳು ಬರ್ತೈತಿ.”

ನಾನು ಸರಿದು ನಿಂತೆ.